ಎಂಮ್ಯಾಪ್‌ಗೆ ಬರೀ ಬರೆಯೋ ಪರ್ಮಿಷನ್ ಕೊಟ್ಟರೆ ಒಪ್ಪಲ್ಲ, ತಲೆ ಕೆಟ್ಟಿದೆ

ಕ್ಯಾತ್ಸಂದ್ರ_ಸಿ: ಎರಡು ದಿನದಿಂದ ಇದೇ ಗೋಳು. ಲಾಗ್ ಫೈಲನ್ನು ಎಂಮ್ಯಾಪ್ ಮಾಡಿ (ಫೈಲನ್ನು ಮೆಮೊರಿಯ ಜಾಗಕ್ಕೇ ಜೋಡಿಸೋ ಕಾಲ್) ಪ್ರಾಟ್_ರೈಟ್ (ಬರೆಯೋ ಅನುಮತಿ) ಒಂದೇ ಕೊಟ್ಟಿದ್ದೇನೆ, ಪ್ರೋಗ್ರಾಂ ಅದಕ್ಕೆ ಬರೆಯಬೇಕು, ಓದಬಾರದು, ಅಷ್ಟೇ. ಪರ್ಮಿಷನ್ ಡಿನೈಡ್ ಅನ್ನುತ್ತದೆ. ಫೈಲ್ ನನ್ನದೇ. ಕೋಡ್ ಸರಿಯಾಗೇ ಇದೆ.

ಬಂಗಾರಪೇಟೆ_ಬೋರ್ಡ್: ಎಸ್‌ಇಲಿನಕ್ಸ್ ಇರಬೇಕು, ಲಿನಕ್ಸ್‌ನ ಕಾವಲು ವ್ಯವಸ್ಥೆ. ಆಫ್ ಮಾಡಿ.

ಕ್ಯಾತ್ಸಂದ್ರ_ಸಿ: ಉಬುಂಟು ಸಾರ್, ನನ್ನಲ್ಲಿ ಅದು ಇಲ್ಲ.

ಬಂಗಾರಪೇಟೆ_ಬೋರ್ಡ್: ಹಾಗಾದರೆ ಆಪ್‌ಆರ್ಮರ್, ಅದೂ ಅಂಥದ್ದೇ ಕಾವಲು. ನನಗೂ ಹಿಂಗೇ ಆಗಿತ್ತು. ಡಿಮೆಸೇಜ್‌ನಲ್ಲಿ ಕರ್ನಲ್ (ಓಎಸ್‌ನ ತಿರುಳು) ಬರೆದ ಸಂದೇಶ ನೋಡಿ. ಎಲ್ಲರಿಗೂ ಎಲ್ಲ ಅನುಮತಿ ಕೊಡೋ ಸಿಎಚ್‌ಮಾಡ್ 777 ಹೊಡೆದಿರಾ?

ಕ್ಯಾತ್ಸಂದ್ರ_ಸಿ: ಹೊಡೆದೆ. ಡಿಮೆಸೇಜ್ ಖಾಲಿ.

ಬಂಗಾರಪೇಟೆ_ಬೋರ್ಡ್: ಆಪ್‌ಆರ್ಮರೇ ಇರಬೇಕು, ಇನ್ನೊಂದ್ಸಲ ನೋಡಿ.

ಚಿಂತಾಮಣಿ_ಕರ್ನಲ್: ತಲೆನೋವಿಗೂ ಕಾಲುನೋವಿಗೂ 777 ಒಂದೇ ಅಮೃತಾಂಜನ! ಫೈಲ್ ಹೇಗೆ ಓಪನ್ ಮಾಡಿದ್ದೀರಿ ಅಂತ ಯಾರೂ ಕೇಳಲಿಲ್ಲ ಅಲ್ವಾ?

ಬಂಗಾರಪೇಟೆ_ಬೋರ್ಡ್: ಮನೆ ಮಷೀನ್‌ಗೆ 777 ಕೊಟ್ಟರೆ ಯಾರ ಗಂಟು ಹೋಗುತ್ತೆ?

ಕ್ಯಾತ್ಸಂದ್ರ_ಸಿ: ಓ_ಡಬ್ಲ್ಯುಆರ್‌ಓನ್ಲಿಯಲ್ಲಿ ಓಪನ್ ಮಾಡಿದ್ದೇನೆ, ಬರೀ ಬರೆಯೋ ಮೋಡ್. ಬರೆಯೋಕೆ ತಾನೇ, ಇನ್ನೇನು ಕೊಡಬೇಕು?

ಚಿಂತಾಮಣಿ_ಕರ್ನಲ್: ಅದೇ ನೋಡಿ. ಪ್ರಾಟ್‌ನಲ್ಲಿ ಏನೇ ಕೊಡಿ, ಎಂಮ್ಯಾಪ್ ಮಾಡುವ ಫೈಲನ್ನು ಓದಲು ಬರುವ ಹಾಗೆ ತೆರೆದಿರಲೇಬೇಕು. ಬರೆದದ್ದು ಫೈಲಿಗೇ ಹೋಗೋ ಮ್ಯಾಪ್_ಷೇರ್ಡ್‌ನಲ್ಲಿ ಬರೆಯೋಕೆ ಓ_ಆರ್‌ಡಿಡಬ್ಲ್ಯುಆರ್ (ಓದೋದು, ಬರೆಯೋದು ಎರಡೂ) ಬೇಕು.

ಕ್ಯಾತ್ಸಂದ್ರ_ಸಿ: ಆಯ್ತು!! ಆದರೆ ಈಗ ಅದೇ ಜಾಗದಿಂದ ಓದಿದರೂ ಓದುತ್ತದೆ. ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ನಿಲ್ಲಬೇಕಿತ್ತಲ್ವಾ? ಕರ್ನಲ್ ಬಗ್ಗಾ?

ಚಿಂತಾಮಣಿ_ಕರ್ನಲ್: ಬಗ್ ಅಲ್ಲ, ಪ್ರೊಸೆಸರ್ ಕೈಲೇ ಆಗಲ್ಲ. ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್) ಪೇಜ್ ಟೇಬಲ್, ಅಂದರೆ ಮೆಮೊರಿಯ ಪ್ರತಿ ತುಂಡಿನ (ಪೇಜ್) ಅನುಮತಿ ಬರೆದಿಡೋ ಪಟ್ಟಿ, ಅದರ ಎಂಟ್ರಿಯಲ್ಲಿ 0ನೇ ಬಿಟ್ ಪ್ರೆಸೆಂಟ್, 1ನೇದು ರೈಟ್, 2ನೇದು ಯೂಸರ್, 64 ಬಿಟ್‌ನಲ್ಲಿ ತುದಿಯ 63ನೇದು ನೋ ಎಕ್ಸಿಕ್ಯೂಟ್. ರೀಡ್‌ಗೆ ಅಂತ ಒಂದು ಬಿಟ್ಟೇ ಇಲ್ಲ. ಬರೆಯೋಕೆ ಬಿಟ್ಟ ಪೇಜನ್ನು ಓದೋಕೂ ಬಿಟ್ಟಂತೆ. ಲಿನಕ್ಸ್ ಕೈಪಿಡಿಯ ಮ್ಯಾನ್ ಪೇಜಲ್ಲೂ ಇದೆ, ಕೆಲವು ಹಾರ್ಡ್‌ವೇರ್‌ನಲ್ಲಿ ಪ್ರಾಟ್_ರೈಟ್ ಜೊತೆ ಪ್ರಾಟ್_ರೀಡ್ ತಾನಾಗೇ ಬರುತ್ತೆ ಅಂತ.

ಬಂಗಾರಪೇಟೆ_ಬೋರ್ಡ್: ಅದಕ್ಕೇ ಎಕ್ಸ್86 ಬಿಡಿ ಅನ್ನೋದು. ನನ್ನ ರಿಸ್ಕ್-ಫೈವ್ (ಬೇರೆ ಬಗೆಯ ಪ್ರೊಸೆಸರ್) ಬೋರ್ಡಲ್ಲಿ ಆರ್ (ಓದೋಕೆ), ಡಬ್ಲ್ಯು (ಬರೆಯೋಕೆ), ಎಕ್ಸ್ (ಓಡಿಸೋಕೆ) ಮೂರಕ್ಕೂ ಬೇರೆ ಬೇರೆ ಬಿಟ್.

ಚಿಂತಾಮಣಿ_ಕರ್ನಲ್: ಬಿಟ್ ಇದೆ ಗುರು, ಆದರೆ ಆರ್ 0, ಡಬ್ಲ್ಯು 1 ಅನ್ನೋ ಜೋಡಿಯನ್ನೇ ರಿಸರ್ವ್ ಮಾಡಿಟ್ಟಿದ್ದಾರೆ, ಬಳಸೋ ಹಾಗಿಲ್ಲ. ಸ್ಪೆಕ್ ತೆಗೆದು ನೋಡಿ. ಕ್ಯಾತ್ಸಂದ್ರದವರೇ, ಓದಲೇಬಾರದು ಅಂದರೆ ಮ್ಯಾಪ್ ಆಸೆ ಬಿಡಿ. ಹಳೇ ಓ_ಡಬ್ಲ್ಯುಆರ್‌ಓನ್ಲಿ ಇಟ್ಟುಕೊಂಡು ರೈಟ್ ಕಾಲ್ ಮಾಡಿ. ಹಾಗೆ ತೆರೆದ ಫೈಲಿನ ಡಿಸ್ಕ್ರಿಪ್ಟರ್ (ಕರ್ನಲ್ ಕೊಡೋ ನಂಬರ್) ಮೇಲೆ ರೀಡ್ ಮಾಡಿದರೆ ಕರ್ನಲ್ಲೇ ಎರರ್ ಕೊಡುತ್ತದೆ.

ಕ್ಯಾತ್ಸಂದ್ರ_ಸಿ: ಸಣ್ಣ ಸಣ್ಣ ಲಾಗ್ ಲೈನ್‌ಗೆಲ್ಲ ರೈಟ್ ಕಾಲ್ ಅಂದರೆ ಸ್ಲೋ ಆಗಲ್ವಾ?