ಮೊಸರು ಉಷ್ಣವೋ ತಂಪೋ? ಎರಡು ಪಟ್ಟಿ, ಎರಡು ಉತ್ತರ

ತಂಗಾಳಿ:
ನನ್ನದು ಉಷ್ಣದ ಮೈ ಅಂತ ಎಲ್ಲರೂ ಹೇಳುತ್ತಾರೆ. ಬಾಯಿಹುಣ್ಣು, ಕಣ್ಣುರಿ ಬೇಗ ಬರುತ್ತವೆ. ಆನ್‌ಲೈನ್‌ನಲ್ಲಿ ಪ್ರಕೃತಿ ಪರೀಕ್ಷೆ (ಆಯುರ್ವೇದದ ಪ್ರಕಾರ ನಮ್ಮ ಮೈಯ ಗುಣ ಯಾವುದು ಅಂತ ಹೇಳುವುದು) ಮಾಡಿದರೆ ಒಂದು ಕಡೆ ಪಿತ್ತ, ಅಂದರೆ ಉಷ್ಣದ ಗುಣ ಬಂತು, ಇನ್ನೊಂದು ಕಡೆ ವಾತ, ಅಂದರೆ ಗಾಳಿಯ ಗುಣ. ಹೋಗಲಿ, ಮೊಸರಾದರೂ ಜಾಸ್ತಿ ತಿನ್ನೋಣ ಅಂದರೆ ಆಯುರ್ವೇದದ ಪಟ್ಟಿಯಲ್ಲಿ ಅದು ಉಷ್ಣ, ಯುನಾನಿ (ಗ್ರೀಕ್ ಮೂಲದ ವೈದ್ಯ ಪದ್ಧತಿ) ಪಟ್ಟಿಯಲ್ಲಿ ಶೀತ! ಯಾವುದನ್ನು ನಂಬಬೇಕು?

ಕಷಾಯಪ್ರಿಯ:
ಕೈಗೆ ತಣ್ಣಗೆ ಹತ್ತಿದ್ದೆಲ್ಲ ತಂಪಲ್ಲ. ಆಯುರ್ವೇದ ರಸ, ವೀರ್ಯ, ವಿಪಾಕ ಮೂರನ್ನೂ ನೋಡುತ್ತದೆ, ಅಂದರೆ ನಾಲಿಗೆಗೆ ಸಿಗುವ ರುಚಿ, ಮೈಮೇಲೆ ಆಗುವ ಉಷ್ಣ ಅಥವಾ ಶೀತ, ಜೀರ್ಣವಾದ ಮೇಲೆ ಉಳಿಯುವ ಗುಣ. ಮೊಸರು ಹುಳಿ, ವಿಪಾಕವೂ ಹುಳಿ, ವೀರ್ಯ ಉಷ್ಣ, ಹಾಗಾಗಿ ಪಿತ್ತ ಹೆಚ್ಚುತ್ತದೆ. ಹಾಗಂತ ಹುಳಿಯೆಲ್ಲ ಉಷ್ಣ ಅನ್ನಬೇಡಿ, ನೆಲ್ಲಿಕಾಯಿ ಹುಳಿಯಾದರೂ ಶೀತ, ಪಿತ್ತ ಇಳಿಸುತ್ತದೆ. ಆಯುರ್ವೇದದ ಹಳೆಯ ಗ್ರಂಥಕಾರ ಚರಕ ಊಟದ ವಿಷಯದಲ್ಲಿ 8 ಅಂಶ ನೋಡಲು ಹೇಳುತ್ತಾನೆ: ಪದಾರ್ಥದ ಸ್ವಭಾವ, ಅದನ್ನು ಮಾಡುವ ವಿಧಾನ, ಯಾವುದರ ಜೊತೆ, ಎಷ್ಟು, ಯಾವ ಜಾಗ, ಯಾವ ಕಾಲ, ತಿನ್ನುವ ಕ್ರಮ, ಕೊನೆಗೆ ತಿನ್ನುವವರು ಯಾರು ಅಂತ. ಪಟ್ಟಿಯಲ್ಲಿ ಇರುವುದು ಮೊದಲನೆಯದು ಮಾತ್ರ. ಅದೇ ಮೊಸರಿಗೆ ನೀರು ಹಾಕಿ ಕಡೆದು ಬೆಣ್ಣೆ ತೆಗೆದರೆ ಹೊಟ್ಟೆಗೆ ಹಗುರ.
ಇನ್ನು ಆ ಪರೀಕ್ಷೆಗಳು. ಹುಟ್ಟಿನಿಂದ ಬಂದ ಪ್ರಕೃತಿ ಬೇರೆ, ಈಗ ಕೆಟ್ಟಿರುವ ಸ್ಥಿತಿ ಬೇರೆ. ನಿದ್ದೆಗೆಟ್ಟ ವಾರ ಉತ್ತರ ಕೊಟ್ಟರೆ ಯಾರಿಗಾದರೂ ವಾತ ಬರುತ್ತದೆ.

ಹಳೇಪುಟ:
ಒಂದೊಂದು ಪದ್ಧತಿಗೂ ತನ್ನದೇ ಅಳತೆ ಇದೆ. ಯುನಾನಿಯವರದು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ದೇಹರಸ. ಉಷ್ಣ ಶೀತಕ್ಕೂ ಗ್ರೀಕ್ ವೈದ್ಯ ಗ್ಯಾಲನ್ ಕಾಲದಿಂದ ನಾಲ್ಕು ದರ್ಜೆ. ಚೀನಾದವರದು ಆಹಾರಕ್ಕೆ ಬಿಸಿ, ಬೆಚ್ಚಗೆ, ಸಮ, ತಂಪು, ಶೀತ ಅಂತ ಐದು. ಕೊರಿಯಾದಲ್ಲಿ ಲೀ ಜೆ-ಮಾ ಅನ್ನೋ ವೈದ್ಯ 1894ರಲ್ಲಿ ಮೈಗುಣ ನೋಡಿ ಜನರನ್ನೇ ನಾಲ್ಕು ಬಗೆ ಮಾಡಿದ. ಇದರಿಂದ ಒಂದು, ಅದರಿಂದ ಒಂದು ಆರಿಸಿಕೊಂಡು ಡಯಟ್ ಮಾಡಿದರೆ ಗೊಂದಲ ಆಗದೆ ಇನ್ನೇನಾಗುತ್ತದೆ?

ಸಾಕ್ಷಿಕೊಡಿ:
ಖಾರ ಬಿಸಿ ಅನ್ನಿಸುವುದಕ್ಕೆ ಕಾರಣವಂತೂ ಗೊತ್ತಿದೆ. ಸುಡುವ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಅನ್ನೋ ಗ್ರಾಹಕವನ್ನೇ (ನರದ ತುದಿಯಲ್ಲಿರುವ ಪ್ರೋಟೀನು) ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಕೆಣಕುತ್ತದೆ. ಈ ಗ್ರಾಹಕ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆದರೆ ಅದರಿಂದ ಪಿತ್ತದ ಮೈ ಅಂತ ಒಂದಿದೆ ಅಂತ ಸಾಬೀತಾಗಲ್ಲ. (ಅಂದಹಾಗೆ ಮೆಣಸಿನಕಾಯಿ ಅಮೆರಿಕ ಖಂಡದ್ದು. ಚರಕ ಅದನ್ನು ಕಂಡವನೇ ಅಲ್ಲ. ಉಷ್ಣ ಅಂತ ಆಮೇಲೆ ಸೇರಿಸಿಕೊಂಡಿದ್ದು.)

ತಂಗಾಳಿ:
ಹಾಗಾದ್ರೆ ಮೊಸರು ಬಿಡಬೇಕಾ?

ಕಷಾಯಪ್ರಿಯ:
ಸುಮ್ನೆ ಯಾಕೆ ಬಿಡ್ತೀರಿ? ರಾತ್ರಿ ಬೇಡ, ಹಗಲು ಮಜ್ಜಿಗೆ ಮಾಡಿ ಕುಡಿದು ನೋಡಿ. ಏನು ತಿಂದ ಮೇಲೆ ಹುಣ್ಣು ಬಂತು ಅಂತ ಬರೆದಿಡಿ.

ಸಾಕ್ಷಿಕೊಡಿ:
ಜೊತೆಗೆ ಬಿ12, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ಅವು ಕಡಿಮೆಯಾದರೂ ಬಾಯಿಹುಣ್ಣು ಬರುತ್ತದೆ. ಒಂದೇ ಹುಣ್ಣು 3 ವಾರ ದಾಟಿದರೆ ಪಟ್ಟಿ ಹುಡುಕುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.