ಸೆಲ್ಫ್ ಹೋಸ್ಟೆಡ್ ಎಂಬುದಕ್ಕೆ ‘ಸ್ವಯಂ ಆತಿಥೇಯ’ ಸರಿಯೇ? ‘ಎತ್ತಿಡು’ ಎಂಬ ಕ್ರಿಯಾಪದದ ಬಳಕೆ ಎಲ್ಲಿಯವರೆಗಿದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮಾಲೂರು ತಾಲ್ಲೂಕಿನ ನಮ್ಮ ಮನೆಯಲ್ಲಿ ಒಂದು ಚಿಕ್ಕ ಕಂಪ್ಯೂಟರನ್ನು ಸರ್ವರ್ ಆಗಿ ಇಟ್ಟುಕೊಂಡು, ತಾತನ ಕಾಗದಗಳು, ಹಳೆಯ ಮದುವೆಗಳ ಫೋಟೋಗಳು, ಅಜ್ಜಿ ಹಾಡಿದ ಸೋಬಾನೆ ಪದಗಳ ಧ್ವನಿಮುದ್ರಣ ಇವೆಲ್ಲವನ್ನೂ ಮುಂದಿನವರಿಗಾಗಿ ಸೇರಿಸಿಡುತ್ತಿದ್ದೇವೆ. ಫೋಟೋಗಳಿಗೆ ಇಮ್ಮಿಚ್, ಉಳಿದ ಕಡತಗಳಿಗೆ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶಗಳಿವೆ. ನನ್ನ ನಂತರ ಇದನ್ನು ನೋಡಿಕೊಳ್ಳುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲು ಕುಳಿತಾಗ, ಮೊದಲ ಪುಟದಲ್ಲಿಯೇ ಕೆಲವು ಪದಗಳು ತೊಡಕಾದವು.

ಹೀಗೆ ಬೇರೆ ಕಂಪನಿಯ ಸೇವೆಯನ್ನು ನೆಚ್ಚದೆ ನಾವೇ ನಡೆಸುವ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ಹೇಳುವ ಸೆಲ್ಫ್ ಹೋಸ್ಟೆಡ್ ಎಂಬುದನ್ನು ‘ಸ್ವಯಂ ಆತಿಥೇಯ’ ಎಂದು ಮಾಡಿದರೆ ಪದಕ್ಕೆ ಪದ ಕೂಡುತ್ತದೆ, ಅರ್ಥ ಕೂಡುವುದಿಲ್ಲ. ಆತಿಥ್ಯವೆಂದರೆ ಬಂದು ಹೋಗುವ ಅತಿಥಿಗೆ ಮಾಡುವ ಸತ್ಕಾರ. ಅಜ್ಜಿಯ ದನಿ ನಮ್ಮ ಮನೆಗೆ ಅತಿಥಿಯಾಗಿ ಬಂದದ್ದಲ್ಲ. ‘ಸ್ವಾಧೀನ’ ಎಂಬುದು ಮೂಲಾರ್ಥದಲ್ಲಿ ಹತ್ತಿರವಾಗಿದ್ದರೂ, ಭೂಸ್ವಾಧೀನದ ನೋಟಿಸುಗಳನ್ನು ಕಂಡಿರುವ ನಮ್ಮ ಕಡೆಯ ರೈತರಿಗೆ ಆ ಮಾತು ತಮ್ಮದನ್ನು ಬೇರೆಯವರು ತೆಗೆದುಕೊಳ್ಳುವುದನ್ನೇ ಸೂಚಿಸುತ್ತದೆ. ‘ಸ್ವಂತ ಸರ್ವರ್’ ಎನ್ನಬಹುದಿತ್ತು. ಆದರೆ ಬಾಡಿಗೆಗೆ ಪಡೆದ ದೂರದ ಯಂತ್ರದಲ್ಲಿಯೂ ಇದೇ ತಂತ್ರಾಂಶವನ್ನು ನಾವೇ ನಡೆಸಬಹುದಾದ್ದರಿಂದ ಇಲ್ಲಿ ಮುಖ್ಯವಾದದ್ದು ಒಡೆತನಕ್ಕಿಂತ ಉಸ್ತುವಾರಿ. ಆದ್ದರಿಂದ ಸದ್ಯಕ್ಕೆ ‘ಸ್ವಂತ ಉಸ್ತುವಾರಿಯ ತಂತ್ರಾಂಶ’ ಎಂದು ಬರೆದಿದ್ದೇನೆ. ಇದು ಉದ್ದವಾಯಿತೆಂಬ ಆಕ್ಷೇಪವನ್ನು ಒಪ್ಪುತ್ತೇನೆ.

‘ಮುಕ್ತ ತಂತ್ರಾಂಶ’ ಎಂಬುದು ಬಹುಕಾಲದಿಂದ ರೂಢಿಯಲ್ಲಿದೆ, ಅದನ್ನು ಬದಲಿಸುವ ಆಸೆ ನನಗಿಲ್ಲ. ಆದರೂ ಕರಡನ್ನು ಓದಿದ ಚಿಕ್ಕಮ್ಮ, “ಮುಕ್ತ ಅಂದ್ರೆ ನಮ್ಮ ಫೋಟೋನೆಲ್ಲ ಯಾರು ಬೇಕಾದ್ರೂ ನೋಡ್ಬೋದೇನಪ್ಪ?” ಎಂದು ಕೇಳಿದರು. ಮುಕ್ತ ವಿಶ್ವವಿದ್ಯಾಲಯದ ‘ಮುಕ್ತ’ವನ್ನು ಬಲ್ಲವರಿಗೆ ಹಾಗೆ ತೋರುವುದು ಸಹಜ. ತೆರೆದಿರುವುದು ತಂತ್ರಾಂಶದ ಆಕರ, ಅಂದರೆ ಅದನ್ನು ಬರೆದಿರುವ ಮೂಲ ಸಂಕೇತ (ಸೋರ್ಸ್ ಕೋಡ್) ಮಾತ್ರ, ನಮ್ಮ ಕಡತಗಳಲ್ಲ. ಮೇಲಿನ ಎರಡೂ ತಂತ್ರಾಂಶಗಳು ಅಫೆರೋ ಜಿಪಿಎಲ್ ಪರವಾನಗಿಯಡಿ ಇರುವುದರಿಂದ, ಅವುಗಳನ್ನು ತಿದ್ದಿ ಜಾಲದ ಮೂಲಕ ಬಳಕೆಗೆ ಕೊಡುವವರು ಆ ತಿದ್ದಿದ ಆಕರವನ್ನೂ ಬಳಕೆದಾರರಿಗೆ ದೊರಕಿಸಬೇಕು. ಇದರಲ್ಲಿ ಫೋಟೋ ತೋರಿಸುವ ಮಾತೇ ಇಲ್ಲ. ಹೀಗಾಗಿ ಕೈಪಿಡಿಯಲ್ಲಿ ‘ಮುಕ್ತ ಆಕರ’ ಎಂದು ಪೂರ್ತಿಯಾಗಿಯೇ ಬರೆಯುವುದು ಲೇಸೆನಿಸಿತು. ಸಂಸ್ಕೃತದಲ್ಲಿ ಆಕರವೆಂದರೆ ಗಣಿ ಎಂಬ ಅರ್ಥವೂ ಇದೆ, ಕೆ.ಜಿ.ಎಫ್. ಇರುವ ಜಿಲ್ಲೆಯವನಾದ ನನಗೆ ಈ ಪದ ಆ ಕಾರಣಕ್ಕೂ ಪ್ರಿಯ.

ನೆನಪಿನ ವಿಷಯದಲ್ಲಿ ಹೆಚ್ಚು ಗೊಂದಲವಿಲ್ಲ. ‘ಸ್ಮೃತಿ’ಯನ್ನು ಯಂತ್ರದ ಮೆಮೊರಿಗೆ ಬಳಸಿಯಾಗಿದೆ. ‘ಸ್ಮರಣಾರ್ಥ’ ಎಂದೊಡನೆ ತೀರಿಕೊಂಡವರ ಭಾವಚಿತ್ರ ಕಣ್ಣಮುಂದೆ ಬರುತ್ತದೆ, ನಮ್ಮ ಅಜ್ಜಿಯೋ ಇನ್ನೂ ಹಾಡುತ್ತಿದ್ದಾರೆ. ತೆಲುಗೂ ಆಡುವ ನಮ್ಮ ಊರುಗಳಲ್ಲಿ ಎರಡೂ ಭಾಷೆಗೆ ಸಲ್ಲುವ ‘ಜ್ಞಾಪಕ’ ಬಾಯಲ್ಲಿದೆ, ಆದರೆ ಬರವಣಿಗೆಗೆ ‘ನೆನಪು’ ಸಾಕು. ‘ಪ್ರೀತಿಪಾತ್ರರು’ ಎಂಬುದನ್ನು ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿಲ್ಲ. “ಅವರು ನಮಗೆ ಬೇಕಾದವರು” ಎನ್ನುತ್ತಾರೆ, ನಾನೂ ‘ಬೇಕಾದವರು’ ಎಂದೇ ಬರೆದಿದ್ದೇನೆ.

ನನ್ನ ನಿಜವಾದ ಪ್ರಶ್ನೆ ಕ್ರಿಯಾಪದದ್ದು. ‘ಸಂರಕ್ಷಿಸು’ ಎಂಬುದು ಕಾಡಿಗೂ ಸ್ಮಾರಕಕ್ಕೂ ಒಪ್ಪುತ್ತದೆ. ‘ಕಾಪಿಡು’ ಸುಂದರವಾದ ಪದ, ಆದರೆ ಯಾರಿಗಾಗಿ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮಲ್ಲಿ ‘ಎತ್ತಿಡು’ ಎಂದರೆ ಬರಿಯ ಮೇಲೆತ್ತಿ ಇಡುವುದಲ್ಲ. ಕಣದ ರಾಶಿಯಲ್ಲಿ ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು, ಮನೆಯಲ್ಲಿ ಹಿಟ್ಟಿಗೆ ತತ್ವಾರವಾದರೂ ಬೀಸುವುದಿಲ್ಲ; ಹಬ್ಬದ ದಿನ ಬಾರದ ಮಗನಿಗೆಂದು ತಾಯಿ ಒಬ್ಬಟ್ಟು ಎತ್ತಿಡುತ್ತಾಳೆ. ಈ ಎರಡು ಬಳಕೆಗಳಲ್ಲಿಯೂ ಇಂದಿನ ಖರ್ಚಿನಿಂದ ಬೇರೆ ಮಾಡುವುದು, ಇಲ್ಲಿಲ್ಲದ ಒಬ್ಬರನ್ನು ಅಥವಾ ಮುಂದಿನ ಒಂದು ಕಾಲವನ್ನು ಮನಸ್ಸಿನಲ್ಲಿಟ್ಟು ಜೋಪಾನ ಮಾಡುವುದು, ಇವೆರಡೂ ಸೇರಿವೆ. ‘ಎತ್ತಿಟ್ಟ ನೆನಪು’ ಎಂದರೆ ನಾವು ಮಾಡುತ್ತಿರುವ ಕೆಲಸವನ್ನು ಬೇರೆ ವಿವರಣೆಯಿಲ್ಲದೆ ಹೇಳಿದಂತಾಗುತ್ತದೆ. ಸಂಗ್ರಹಕ್ಕೆ, ನೆಲದಡಿ ಧಾನ್ಯ ತುಂಬಿಡುವ ಗುಂಡಿಯಾದ ‘ಹಗೇವು’ ಎಂಬ ಹೆಸರನ್ನೂ ಯೋಚಿಸಿದ್ದೆ. ಆದರೆ ಹಗೇವಿನ ಬಾಯನ್ನು ಮುಚ್ಚಿ ಮಣ್ಣು ಮೆತ್ತುತ್ತಾರೆ, ಈ ಸಂಗ್ರಹವನ್ನೋ ಮಕ್ಕಳು ದಿನವೂ ತೆರೆದು ನೋಡಬೇಕು. ಆದ್ದರಿಂದ ಅದನ್ನು ಬಿಟ್ಟೆ.

‘ಎತ್ತಿಡು’ ಎಂಬುದಕ್ಕೆ ‘ಒಬ್ಬರಿಗಾಗಿ ಬೇರೆಯಾಗಿ ಉಳಿಸು’ ಎಂಬ ಈ ಅರ್ಥ ಪಾವಗಡ, ಮಧುಗಿರಿ, ಬಾಗೇಪಲ್ಲಿ ಕಡೆಗಳಲ್ಲಿ ಇದೆಯೇ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಓದುಗರಿಗೆ ಇದು ಕೇವಲ ‘ಮೇಲಕ್ಕೆ ಎತ್ತಿ ಇಡು’ ಎಂದು ಕೇಳಿಸುತ್ತದೆಯೇ, ಅಥವಾ ಅಲ್ಲಿ ಇದೇ ಅರ್ಥಕ್ಕೆ ‘ತೆಗೆದಿಡು’ ಎಂಬುದೇ ಹೆಚ್ಚು ರೂಢಿಯೇ? ಮನೆಯಲ್ಲಿ ಆಡುವ ವಾಕ್ಯವನ್ನೇ ಉದಾಹರಣೆಯಾಗಿ ಬರೆದು ತಿಳಿಸಿದರೆ ಕೈಪಿಡಿಯ ಶೀರ್ಷಿಕೆಯನ್ನು ತೀರ್ಮಾನಿಸಲು ಅನುಕೂಲವಾಗುತ್ತದೆ.