ಮಗುವಿಗೆ ಮನೆಯಲ್ಲೇ ಕಲಿಸುವುದೋ, ಶಾಲೆಗೆ ಕಳುಹಿಸುವುದೋ?

ಪ್ರಶ್ನೆ:
ನಮ್ಮ ಮಗಳಿಗೆ ಏಳು ವರ್ಷ. ಕತೆಗಳನ್ನು ತಾನಾಗಿಯೇ ಓದುವ ಅವಳು ತರಗತಿಯಲ್ಲಿ ಉಳಿದವರಿಗಾಗಿ ಕಾಯುತ್ತಾ ಕುಳಿತಿರುತ್ತಾಳೆ. ಆದರೆ ದಶಕ ಸಹಿತ ಕಳೆಯುವ, ಅಂದರೆ ಹತ್ತರ ಸ್ಥಾನದಿಂದ ಸಾಲ ತೆಗೆದು ಕಳೆಯುವ ಲೆಕ್ಕ ಅವಳಿಗೆ ಅರ್ಥವಾಗುವ ಮೊದಲೇ ಪಾಠ ಮುಂದಕ್ಕೆ ಹೋಗಿರುತ್ತದೆ. ಶಾಲೆ ಬಿಡಿಸಿ ನಾವೇ ಕಲಿಸಬಹುದೇ?

ಉತ್ತರ 1:
ನಾವು ಮಗನಿಗೆ ಮೂರು ವರ್ಷ ಮನೆಯಲ್ಲೇ ಕಲಿಸಿದೆವು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಅವನು ಐದನೇ ಎರಡು ಎಂದು ಬರೆದಾಗ, ನಾನು ತಿದ್ದದೆ ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊಟ್ಟೆ. ತನ್ನ ಉತ್ತರವು ಅರ್ಧಕ್ಕಿಂತಲೂ ಚಿಕ್ಕದಾಗಿರುವುದನ್ನು ಅವನೇ ಕಂಡುಕೊಳ್ಳಲು ಸುಮಾರು ಒಂದು ಗಂಟೆ ಹಿಡಿಯಿತು. ಅಷ್ಟು ಬಿಡುವು ತರಗತಿಯಲ್ಲಿ ಯಾವ ಶಿಕ್ಷಕರಿಗೂ ಸಿಗಲಾರದು. ಆದರೆ ಅಪ್ಪನೇ ಮೇಷ್ಟ್ರಾದಾಗ ಲೆಕ್ಕದ ಮುನಿಸು ಊಟದ ಹೊತ್ತಿನವರೆಗೂ ಉಳಿಯುತ್ತದೆ ಎಂಬುದನ್ನೂ ಹೇಳಲೇಬೇಕು.

ಉತ್ತರ 2:
ಮೊದಲು ನಿಮ್ಮಲ್ಲಿನ ಕಾನೂನನ್ನು ನೋಡಿಕೊಳ್ಳಿ; ಅದು ದೇಶದಿಂದ ದೇಶಕ್ಕೆ ಬೇರೆ. 1993ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಮನೆಶಿಕ್ಷಣ ಕಾನೂನುಬದ್ಧವಾಗಿತ್ತು; ಜರ್ಮನಿಯಲ್ಲಾದರೋ ಕೆಲವೇ ಅಪವಾದಗಳನ್ನು ಬಿಟ್ಟರೆ ಶಾಲಾ ಹಾಜರಾತಿ ಕಡ್ಡಾಯ. ಮನೆಯಲ್ಲಿ ಕಲಿತವರೇ ಹೆಚ್ಚು ಅಂಕ ಗಳಿಸುತ್ತಾರೆಂಬ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ, ಏಕೆಂದರೆ ಅಂತಹ ಹೋಲಿಕೆಗಳಲ್ಲಿ ಅನೇಕ ವೇಳೆ ಸ್ವಇಚ್ಛೆಯಿಂದ ಪರೀಕ್ಷೆಗೆ ಕುಳಿತವರಷ್ಟೇ ಲೆಕ್ಕಕ್ಕೆ ಬರುತ್ತಾರೆ.

ಉತ್ತರ 3:
ನೀವು ಹೇಳಿದ ಎರಡೂ ತೊಂದರೆಗಳು ವೇಗಕ್ಕೆ ಸಂಬಂಧಿಸಿದವು. ಶಾಲೆ ಬಿಡಿಸುವ ಮೊದಲು, ಬಿಡುವಿನಲ್ಲಿ ಓದಲು ಅವಳಿಗೆ ಪುಸ್ತಕ ಕೊಡಲು ಸಾಧ್ಯವೇ ಎಂದು ಶಿಕ್ಷಕರನ್ನು ಕೇಳಿ, ಸಂಜೆ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿಸಿ ಕಳೆಯುವುದನ್ನು ನೀವೇ ತೋರಿಸಿ. ಅವಳಿಗೆ ಅಲ್ಲಿ ಗೆಳತಿಯರಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ.